ಗಡಿಯಾರ ನಿಂತ ಹಳೆಯ ಕಂಪ್ಯೂಟರ್: ಡಾಲಸ್ ಚಿಪ್ ರಿಪೇರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟದಿಂದ ಇಳಿಸಿದ 386, 486 ಅಥವಾ ಮೊದಮೊದಲ ಪೆಂಟಿಯಂ ಯಂತ್ರಕ್ಕೆ ಕರೆಂಟು ಕೊಟ್ಟಾಗ ಎದುರಾಗುವ ತಕರಾರು ಹೆಚ್ಚಾಗಿ ಒಂದೇ. ತಾರೀಖು 1980ಕ್ಕೆ ಹೋಗಿರುತ್ತದೆ, ಹಾರ್ಡ್‌ಡಿಸ್ಕ್ ಕಾಣುವುದಿಲ್ಲ, ಪರದೆ ಎಫ್1 ಒತ್ತು ಎನ್ನುತ್ತಿರುತ್ತದೆ. ತಾರೀಖನ್ನೂ ಯಂತ್ರದ ವಿವರವನ್ನೂ ನೆನಪಿಟ್ಟುಕೊಳ್ಳುವ ಡಾಲಸ್ ಗಡಿಯಾರ ಚಿಪ್‌ನ ಬ್ಯಾಟರಿ ಸತ್ತಿರುವುದೇ ಹೆಚ್ಚಾಗಿ ಕಾರಣ. ಇದನ್ನು ಫೋನಿನಲ್ಲಿ ಹತ್ತಾರು ಜನರಿಗೆ ವಿವರಿಸಿ ಸಾಕಾಗಿ, ಒಂದೇ ಕಡೆ ಬರೆದಿಟ್ಟಿದ್ದೇನೆ.

ಮದರ್‌ಬೋರ್ಡ್ ಮೇಲೆ ಬ್ಯಾಟರಿಯೇ ಇಲ್ಲವಲ್ಲ! ಏನನ್ನು ಬದಲಾಯಿಸಲಿ?

ಬ್ಯಾಟರಿ ಇದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಉಳಿದ ಐಸಿಗಳಿಗಿಂತ ಎರಡು ಪಟ್ಟು ದಪ್ಪಗಿರುವ, ಪುಟ್ಟ ಕಪ್ಪು ಇಟ್ಟಿಗೆಯಂಥದ್ದು ಒಂದಿದೆಯೇ ನೋಡಿ. ಮೇಲೆ ಡಾಲಸ್ ಎಂದು ಬರೆದಿರುತ್ತದೆ, ಕೆಲವದರ ಮೇಲೆ ಅಲಾರಂ ಗಡಿಯಾರದ ಚಿತ್ರವೂ ಇರುತ್ತದೆ. ಬ್ಯಾಟರಿ ಅದರ ಹೊಟ್ಟೆಯಲ್ಲಿದೆ.

1984ರಲ್ಲಿ ಬಂದ ಐಬಿಎಂ ಪಿಸಿ/ಎಟಿಯಲ್ಲಿ ಇವೆಲ್ಲ ಬೇರೆಬೇರೆ ಇದ್ದವು. ಮೋಟೊರೊಲಾದ ಎಂಸಿ146818 ಎಂಬ ಗಡಿಯಾರ ಚಿಪ್, ಪಕ್ಕದಲ್ಲಿ ಅದಕ್ಕೆ ಮಿಡಿತ ಕೊಡುವ 32.768 ಕಿಲೋಹರ್ಟ್ಸ್ ಕ್ರಿಸ್ಟಲ್, ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದ 6 ವೋಲ್ಟ್ ಲಿಥಿಯಂ ಬ್ಯಾಟರಿ. ಅದೇ 1984ರಲ್ಲಿ ಟೆಕ್ಸಾಸ್‌ನ ಡಾಲಸ್ ನಗರದಲ್ಲಿ ಶುರುವಾದ ಡಾಲಸ್ ಸೆಮಿಕಂಡಕ್ಟರ್ ಕಂಪನಿ ಈ ಮೂರನ್ನೂ ಒಂದೇ ಅಚ್ಚಿನಲ್ಲಿಟ್ಟು ಎಪಾಕ್ಸಿ ಸುರಿದು ಮುಚ್ಚಿತು. ಅದೇ ಡಿಎಸ್1287. ಬೋರ್ಡ್ ಮಾಡುವವರಿಗೆ ತಂತಿ, ಹೋಲ್ಡರ್, ಜೋಡಣೆಯ ರಗಳೆಯೆಲ್ಲ ಉಳಿಯಿತು. ಕರೆಂಟಿಲ್ಲದಿದ್ದರೂ ಹತ್ತು ವರ್ಷ ನೆನಪು ಉಳಿಯುತ್ತದೆ ಎಂಬುದು ಕಂಪನಿಯ ಮಾತು, ಅದನ್ನು ಅದು ಧಾರಾಳವಾಗಿಯೇ ಉಳಿಸಿಕೊಂಡಿತು. ಯಂತ್ರ ಮೂವತ್ತು ವರ್ಷ ಬಾಳೀತು ಎಂದು ಆಗ ಯಾರೂ ಎಣಿಸಿರಲಿಲ್ಲ.

ಹಾಗಾದರೆ ಸತ್ತದ್ದು ಚಿಪ್ಪೋ, ಬ್ಯಾಟರಿಯೋ?

ನನ್ನ ಕೈಗೆ ಬಂದವುಗಳಲ್ಲಿ ಬಹುಪಾಲು ಬ್ಯಾಟರಿಯೇ. ಚಿಪ್ ಒಳಗೆ ಆರೋಗ್ಯವಾಗಿಯೇ ಕೂತಿರುತ್ತದೆ. ಯಂತ್ರ ಆನ್ ಇರುವಷ್ಟು ಹೊತ್ತು ಗಡಿಯಾರ ಸರಿಯಾಗಿ ನಡೆದು, ಸ್ವಿಚ್ ಆರಿಸಿದೊಡನೆ ಎಲ್ಲ ಮರೆತರೆ ಬ್ಯಾಟರಿ ಸತ್ತಿದೆ. ಆನ್ ಇದ್ದಾಗಲೂ ಸೆಕೆಂಡು ಮುಂದಕ್ಕೆ ಹೋಗದಿದ್ದರೆ ಕ್ರಿಸ್ಟಲ್ಲನ್ನೋ ಚಿಪ್ಪನ್ನೋ ಸಂಶಯಿಸಬೇಕು. ಕೆಲವು ಬೋರ್ಡ್‌ಗಳು ಬ್ಯಾಟರಿ ಸತ್ತರೆ ಪರದೆಗೆ ಒಂದಕ್ಷರವನ್ನೂ ತರದೆ ನಿಂತುಬಿಡುತ್ತವೆ. ಅಂಥದ್ದನ್ನು ಕೆಟ್ಟ ಬೋರ್ಡ್ ಎಂದು ಗುಜರಿಗೆ ಹಾಕಬೇಡಿ.

ಚಿಪ್ ತನ್ನ ಆರೋಗ್ಯವನ್ನು ತಾನೇ ಹೇಳಿಕೊಳ್ಳುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅದರಲ್ಲಿ ಡಿ ಎಂಬ ಒಂದು ರಿಜಿಸ್ಟರ್, ಅಂದರೆ ಎಂಟು ಬಿಟ್‌ನ ಪುಟ್ಟ ಖಾನೆ, ಇದೆ. ಅದರ ಮೇಲ್ತುದಿಯ ಬಿಟ್ ಸೊನ್ನೆಯಾಗಿದ್ದರೆ, ಒಳಗಿನ ಸೆಲ್ ಬರಿದಾಗಿದೆ, ನನ್ನ ಸಮಯವನ್ನೂ ನೆನಪನ್ನೂ ನಂಬಬೇಡ ಎಂದರ್ಥ. ಬಯಾಸ್ (ಯಂತ್ರ ಶುರುವಾದೊಡನೆ ಓಡುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ನೋಡುವುದು ಇದನ್ನೇ. ಹಳೆಯ ಐಬಿಎಂ ಯಂತ್ರಗಳು 161 ಎಂಬ ಅಂಕಿ ತೋರಿಸಿದರೆ ಬ್ಯಾಟರಿ ಹೋಗಿದೆ ಎಂದು, 163 ಎಂದರೆ ತಾರೀಖು ಹೊಂದಿಸಿಲ್ಲ ಎಂದು.

ತಾರೀಖು ತಪ್ಪಿದರೆ ಏನಂತೆ? ಗೋಡೆಯ ಮೇಲೆ ಗಡಿಯಾರ ಇದೆಯಲ್ಲ.

ತಾರೀಖಿನದು ಸಣ್ಣ ನಷ್ಟ. ಎಂಸಿ146818ರಲ್ಲಿ 64 ಬೈಟ್ ನೆನಪಿತ್ತು. ಅದರಲ್ಲಿ 14 ಗಡಿಯಾರದ ಕೆಲಸಕ್ಕೆ, ಉಳಿದ 50 ಬಳಸುವವರ ಪಾಲಿಗೆ. ಡಿಎಸ್1287ರದ್ದೂ ಇದೇ ಲೆಕ್ಕ. ಐಬಿಎಂ ಆ 50 ಬೈಟ್‌ನಲ್ಲಿ ಫ್ಲಾಪಿ ಎಂಥದ್ದು, ಮೆಮೊರಿ ಎಷ್ಟು, ಹಾರ್ಡ್‌ಡಿಸ್ಕ್ ಯಾವ ಬಗೆಯದು ಎಂಬ ಮನೆವಾರ್ತೆಯನ್ನೆಲ್ಲ ಇಟ್ಟಿತು. ನಾವು ಸಿಮಾಸ್ ಸೆಟಪ್ ಎನ್ನುವುದು ಈ ಐವತ್ತು ಚಿಲ್ಲರೆ ಬೈಟ್‌ಗಳನ್ನೇ. ಅದು ಅಳಿಸಿಹೋದರೆ ಹಾರ್ಡ್‌ಡಿಸ್ಕ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಯಂತ್ರದ ಪಾಲಿಗೆ ಅದು ಇಲ್ಲವೇ ಇಲ್ಲ.

ಡಿಸ್ಕ್‌ನಲ್ಲಿ ಹಳೆಯ ಫೈಲ್‌ಗಳಿವೆ. ರಿಪೇರಿಗೆ ಮುಂಚೆ ಅವನ್ನು ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಲೇಬೇಕು. ಬೆಸುಗೆ ಕಾಯಿಸುವುದು ಆಮೇಲೆ.

ನನಗೆ ಬರುವ ಯಂತ್ರಗಳಲ್ಲಿ ಹಲವು ಹಳೆಯ ಡಿಟಿಪಿ ಅಂಗಡಿಗಳವು. ಮದುವೆ ಕರೆಯೋಲೆ, ಜಾತ್ರೆಯ ಕರಪತ್ರ, ಊರಿನ ಯಾರದೋ ಕವನ ಸಂಕಲನದ ಪುಟವಿನ್ಯಾಸ, ಎಲ್ಲವೂ ಯೂನಿಕೋಡ್‌ಗಿಂತ ಹಿಂದಿನ ಕನ್ನಡ ಫಾಂಟ್‌ಗಳಲ್ಲಿ. ಆ ಫಾಂಟೂ ಆ ತಂತ್ರಾಂಶವೂ ಅದೇ ಡಿಸ್ಕ್‌ನಲ್ಲಿ ಮಾತ್ರ ಉಳಿದಿರುತ್ತವೆ. ಡಿಸ್ಕ್ ಹೋದರೆ ಫೈಲ್ ಸಿಕ್ಕರೂ ಓದಲು ಬಾರದು.

ಉಪಾಯ ಸುಲಭ. ಯಂತ್ರ ಆನ್ ಇರುವವರೆಗೆ ಚಿಪ್‌ಗೆ ಮದರ್‌ಬೋರ್ಡ್‌ನಿಂದಲೇ 5 ವೋಲ್ಟ್ ಸಿಗುತ್ತದೆ, ಬ್ಯಾಟರಿಯ ಹಂಗಿಲ್ಲ. ಸೆಟಪ್‌ಗೆ ಹೋಗಿ ಡಿಸ್ಕ್ ವಿವರ ತುಂಬಿ, ಉಳಿಸಿ ಹೊರಬನ್ನಿ. ಸ್ವಿಚ್ ಮುಟ್ಟದೆ ಯಂತ್ರ ತಾನಾಗಿ ಮರುಶುರುವಾದರೆ ತುಂಬಿದ್ದೆಲ್ಲ ಹಾಗೇ ಇರುತ್ತದೆ. ಆ ಒಂದು ಕೂತಲ್ಲಿ ನಕಲು ಮುಗಿಸಿಬಿಡಿ. ಅಂದು ಕರೆಂಟು ಹೋಗದಿರಲಿ ಎಂದು ಹರಕೆ ಹೊತ್ತರೂ ತಪ್ಪಿಲ್ಲ, ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ತುಂಬಬೇಕಾದ ವಿವರ ಡಿಸ್ಕ್‌ನ ಮೇಲಿನ ಚೀಟಿಯಲ್ಲೇ ಇರುತ್ತದೆ: ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಅಂಕಿಗಳು. ಬಗೆ 47 ಅಥವಾ ಯೂಸರ್ ಎಂದು ಆರಿಸಿ ಅವನ್ನು ಬರೆಯಿರಿ. ಎಡವುವುದು ಇಲ್ಲೇ. 504 ಎಂಬಿಗಿಂತ ದೊಡ್ಡ ಡಿಸ್ಕ್ ಆಗಿದ್ದರೆ ನಾರ್ಮಲ್, ಲಾರ್ಜ್, ಎಲ್‌ಬಿಎ ಎಂಬ ಮೂರು ರೀತಿ ಇರುತ್ತವೆ. ಮೊದಲು ಫಾರ್ಮ್ಯಾಟ್ ಮಾಡಿದಾಗ ಯಾವುದಿತ್ತೋ ಅದೇ ಬೇಕು. ತಪ್ಪಾದದ್ದನ್ನು ಕೊಟ್ಟರೆ ಫೋಲ್ಡರ್ ಹೆಸರುಗಳೆಲ್ಲ ಕಲಸುಮೇಲೋಗರವಾಗಿ ಕಾಣಬಹುದು. ಹೆದರಬೇಡಿ, ಆಗ ಡಿಸ್ಕ್‌ಗೆ ಏನನ್ನಾದರೂ ಬರೆಯುವ ಕೆಲಸ ಮಾತ್ರ ಬೇಡ. ಡಿಸ್ಕ್ ಸರಿಪಡಿಸುವ ಯಾವ ಪ್ರೋಗ್ರಾಮನ್ನೂ ಆಗ ಓಡಿಸಬೇಡಿ. ಒಮ್ಮೆ ನಾನೇ ಓಡಿಸಿದ್ದೆ. ಅದು ಚೆನ್ನಾಗಿದ್ದ ಡಿಸ್ಕನ್ನು ಬಹಳ ಶ್ರದ್ಧೆಯಿಂದ ಹಾಳುಮಾಡಿತು.

ಎಲ್ಲ ಸರಿಯಾದ ಮೇಲೆ ಸೆಟಪ್‌ನ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಹೊಸ ಚಿಪ್ಪೇ ಕೊಂಡು ಹಾಕಿದರೆ ಆಗದೇ?

ಆಗುತ್ತದೆ, ಅದು ನಿಜವಾಗಿಯೂ ಹೊಸದಾಗಿದ್ದರೆ. ಡಾಲಸ್ ಕಂಪನಿಯನ್ನು 2001ರಲ್ಲಿ ಮ್ಯಾಕ್ಸಿಮ್ ಕೊಂಡಿತು, ಮ್ಯಾಕ್ಸಿಮನ್ನು 2021ರಲ್ಲಿ ಅನಲಾಗ್ ಡಿವೈಸಸ್ ಕೊಂಡಿತು. ಆ ವಂಶದ ಸರಕನ್ನು ಅಧಿಕೃತ ವಿತರಕರಿಂದ ತರಿಸಿದರೆ ಸಮಸ್ಯೆ ಇಲ್ಲ, ಬೆಲೆ ಮಾತ್ರ ಕೈ ಕಚ್ಚುತ್ತದೆ.

ಅಗ್ಗಕ್ಕೆ ಸಿಗುವವುಗಳ ಕಥೆಯೇ ಬೇರೆ. ಆನ್‌ಲೈನ್‌ನಲ್ಲಿ ಒಂದು ಕಡೆಯಿಂದ, ಡಿಎಸ್1287ರ ಬದಲಿಗೆ ಕೂರುವ ಐದು ಡಿಎಸ್12887 ತರಿಸಿದ್ದೆ. ಮುದ್ರಣ ಫಳಫಳ ಹೊಳೆಯುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಪಿನ್ ತುದಿಗಳಲ್ಲಿ ಹಳೆಯ ಬೆಸುಗೆಯ ಕಲೆ. ಗುಜರಿ ಬೋರ್ಡ್‌ನಿಂದ ಕಿತ್ತು, ಬೆನ್ನು ಉಜ್ಜಿ, ಹೊಸ ಹೆಸರು ಬರೆದು ಕಳಿಸಿದ್ದರು. ಐದರಲ್ಲಿ ಮೂರು ಅಂದೇ ಸತ್ತಿದ್ದವು, ಉಳಿದೆರಡು ಮಳೆಗಾಲ ಮುಗಿಯುವುದರೊಳಗೆ ಹೋದವು. ತಯಾರಿಕೆಯ ಕಾಲ ಗೊತ್ತಾಗಲು ಬೆನ್ನಿನ ಮೇಲಿನ ನಾಲ್ಕಂಕಿ ನೋಡಿ. 9423 ಎಂದಿದ್ದರೆ 1994ನೇ ಇಸವಿಯ 23ನೇ ವಾರ. ಪ್ಯಾಕ್ ಒಡೆಯದ ಹಳೆಯ ಸರಕು ಎಂದು ಮಾರುವವರು ಸುಳ್ಳು ಹೇಳದಿರಬಹುದು. ಆದರೆ ಒಳಗಿನ ಸೆಲ್ ಪ್ಯಾಕಿನೊಳಗೂ ಮುದಿಯಾಗುತ್ತದೆ.

ಯಾವುದರ ಜಾಗಕ್ಕೆ ಯಾವುದು ಕೂರುತ್ತದೆ?

ಡಿಎಸ್1287ರ ಜಾಗದಲ್ಲಿ ಸಾಮಾನ್ಯವಾಗಿ ಡಿಎಸ್12887 ಕೂರುತ್ತದೆ. ನೆನಪು 64ರ ಬದಲು 128 ಬೈಟ್, ಅಷ್ಟೇ ವ್ಯತ್ಯಾಸ. ಡಿಎಸ್12ಸಿ887ರಲ್ಲಿ ಶತಮಾನಕ್ಕೊಂದು ಬೈಟ್ ಮೀಸಲು. ಬಯಾಸ್ ಆ ಜಾಗದಲ್ಲಿ ಬೇರೇನನ್ನಾದರೂ ಇಡುತ್ತಿದ್ದರೆ ಮಾತ್ರ ತಕರಾರು. ಹೆಸರಿನ ಕೊನೆಯಲ್ಲಿ ಎ ಇದ್ದರೆ 21ನೇ ಪಿನ್ ಹೊರಗೆ ಬಂದಿರುತ್ತದೆ, ಅದು ನೆನಪನ್ನು ಅಳಿಸುವ ಪಿನ್. ಬೆಂಚ್‌ಮಾರ್ಕ್‌ನ ಬಿಕ್ಯೂ3287, ಎಸ್‌ಟಿಯ ಎಂ48ಟಿ86 ಇದೇ ಕುಲದವು. ಡಿಎಸ್1387 ಮಾತ್ರ ಬೇರೆ ಜಾತಿ. ಹೆಚ್ಚಿನ 4 ಕಿಲೋಬೈಟ್ ನೆನಪು ಇರುವ ಅದರ ಪಿನ್‌ಗಳ ಜೋಡಣೆಯೇ ಬೇರೆ, ಅದಲುಬದಲು ಮಾಡಬೇಡಿ.

ಹಳೆಯ ಚಿಪ್ಪನ್ನೇ ಕೊರೆದು ಹೊರಗಿನಿಂದ ಸೆಲ್ ಕೊಡುತ್ತಾರಂತಲ್ಲ, ಹೇಗೆ?

ನನಗೆ ಇಷ್ಟವಾದ ದಾರಿ ಇದೇ. ಬೋರ್ಡ್ ಜೊತೆ ಹುಟ್ಟಿದ ಚಿಪ್ ಬೋರ್ಡ್ ಮೇಲೆಯೇ ಉಳಿಯುತ್ತದೆ, ಖರ್ಚು ಒಂದು ಸಿಆರ್2032 ಬಟನ್ ಸೆಲ್ ಮತ್ತು ಹೋಲ್ಡರ್. ಎರಡೂ ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಚಿಲ್ಲರೆ ಕಾಸಿಗೆ ಸಿಗುತ್ತವೆ.

ಸಾಧ್ಯವಾದರೆ ಚಿಪ್ಪನ್ನು ಬೋರ್ಡ್‌ನಿಂದ ತೆಗೆದು, ಅದರ ದಿಕ್ಕನ್ನು ಗುರುತುಮಾಡಿಕೊಳ್ಳಿ. ಒಂದನೇ ಪಿನ್‌ನ ಚುಕ್ಕೆ ಎಡಮೇಲ್ತುದಿಗೆ ಬರುವಂತೆ ಮೇಜಿನ ಮೇಲಿಡಿ. ಎಡಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 1ರಿಂದ 12. ಬಲಸಾಲಿನಲ್ಲಿ ಕೆಳಗಿನಿಂದ ಮೇಲಕ್ಕೆ 13ರಿಂದ 24. ಹಲ್ಲು ಬಿದ್ದ ಬಾಯಿಯಂತೆ ನಡುವೆ ಕೆಲವು ಪಿನ್ ಇರುವುದಿಲ್ಲ: 2, 3, 16, 20, 21, 22 (ಹೆಸರಿನ ಕೊನೆಯಲ್ಲಿ ಎ ಇದ್ದರೆ 21 ಮಾತ್ರ ಇರುತ್ತದೆ). ಅವು ಬಿದ್ದುಹೋದವಲ್ಲ. ಒಳಗಿನ ಚಿಪ್‌ನ ಆ ಪಿನ್‌ಗಳ ಪೈಕಿ ಬೇಕಾದವನ್ನು ಮೇಲಕ್ಕೆ ಬಗ್ಗಿಸಿ ಕ್ರಿಸ್ಟಲ್ಲಿಗೂ ಸೆಲ್‌ಗೂ ಜೋಡಿಸಿ, ಮೇಲೆ ಎಪಾಕ್ಸಿ ಹಾಕಿದ್ದಾರೆ. 2, 3 ಕ್ರಿಸ್ಟಲ್ಲಿನವು. 20 ಬ್ಯಾಟರಿಯ ಧನ ತುದಿ, 16 ಋಣ ತುದಿ. ನಮಗೆ ಬೇಕಾದ ಎರಡೂ ಬಲಸಾಲಿನಲ್ಲೇ ಇರುವುದು ನಮ್ಮ ಪುಣ್ಯ.

19ನೇ ಪಿನ್‌ನ ಒತ್ತಿಗೆ, 20 ಇರಬೇಕಾದ ಜಾಗದಲ್ಲಿ, ಚಿಪ್‌ನ ಪಕ್ಕೆಯನ್ನು ಸಣ್ಣ ಅರದಿಂದಲೋ ಕೈ ಡ್ರಿಲ್‌ಗೆ ಸಿಕ್ಕಿಸಿದ ಪುಟ್ಟ ಕಲ್ಲಿನಿಂದಲೋ ಮೆಲ್ಲಗೆ ಉಜ್ಜುತ್ತ ಬನ್ನಿ. ಕಪ್ಪಿನ ನಡುವೆ ಲೋಹದ ಹೊಳಪು ಕಂಡೊಡನೆ ನಿಲ್ಲಿಸಿ. 17 ಮತ್ತು 15ರ ನಡುವೆ, 16ರ ಜಾಗದಲ್ಲೂ ಹಾಗೇ ಮಾಡಿ. ಅವಸರಪಟ್ಟರೆ ಪಿನ್ನೇ ತುಂಡಾಗುತ್ತದೆ, ಆಮೇಲೆ ತಂತಿ ಅಂಟಿಸಲು ಜಾಗವೇ ಉಳಿಯುವುದಿಲ್ಲ. ಪೆಟ್ಟಿಗೆಯ ಮೇಲ್ಭಾಗದಿಂದ ಕೊರೆಯಲು ಹೋಗಬೇಡಿ, ಅಲ್ಲಿರುವುದು ಲಿಥಿಯಂ ಸೆಲ್. ಎಪಾಕ್ಸಿ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕು.

ಲೋಹ ಕಂಡ ಮೇಲೆ ಬಹಳ ಜನ ಬಿಟ್ಟುಬಿಡುವ ಒಂದು ಹೆಜ್ಜೆ ಇದೆ: ಹಳೆಯ ಸೆಲ್‌ನ ಸಂಬಂಧ ಕಡಿಯುವುದು. 20ರ ಲೋಹದ ಪಟ್ಟಿ ಮೇಲಕ್ಕೆ, ಹಳೆಯ ಸೆಲ್‌ನತ್ತ ಹೋಗುವ ಜಾಗದಲ್ಲಿ ಅಡ್ಡಲಾಗಿ ಕತ್ತರಿಸಿ. ಚಿಪ್ ಕಡೆಗಿನ ಕೆಳತುಂಡು ನಮಗೆ ಬೇಕಾದದ್ದು. ಕತ್ತರಿಸದಿದ್ದರೆ ಸತ್ತ ಸೆಲ್ ಹೊಸದರ ಹೆಗಲಿಗೆ ನೇತಾಡುತ್ತ ಅದರ ರಕ್ತ ಹೀರುತ್ತದೆ. ಹತ್ತು ವರ್ಷ ಬರಬೇಕಾದ ಸೆಲ್ ಬೇಗನೆ ಬರಿದಾಗುತ್ತದೆ. ಕತ್ತರಿಸಿದ್ದೀರೋ ಇಲ್ಲವೋ ತಿಳಿಯಲು ಎರಡು ತುಂಡಿನ ನಡುವೆ ಮಲ್ಟಿಮೀಟರ್ ಹಿಡಿಯಿರಿ, ಸದ್ದು ಬರಬಾರದು.

ಇನ್ನು ಬೆಸುಗೆ. 20ರ ಕೆಳತುಂಡಿಗೂ 16ರ ಲೋಹಕ್ಕೂ ಫ್ಲಕ್ಸ್ ಸವರಿ, ತೆಳ್ಳನೆಯ ತಂತಿ ಅಂಟಿಸಿ. ಹೋಲ್ಡರ್‌ನ ಧನ ತುದಿ 20ಕ್ಕೆ, ಋಣ ತುದಿ 16ಕ್ಕೆ. 16 ಕೈಕೊಟ್ಟರೆ ಗ್ರೌಂಡ್ ಆದ 12ನೇ ಪಿನ್‌ಗೆ ಕೊಟ್ಟರೂ ನಡೆಯುತ್ತದೆ. ಹೋಲ್ಡರನ್ನು ಚಿಪ್‌ನ ಬೆನ್ನಿಗೇ ಅಂಟಿಸಬಹುದು, ಆದರೆ ಮೇಲೆ ಉದ್ದನೆಯ ಐಎಸ್ಎ ಕಾರ್ಡ್ (ಬೋರ್ಡ್‌ನ ಸ್ಲಾಟ್‌ಗೆ ಸಿಕ್ಕಿಸುವ ಹಳೆಯ ಬಗೆಯ ಕಾರ್ಡ್) ಹಾದುಹೋಗುತ್ತದೆಯೇ ಎಂದು ಮೊದಲು ಅಳೆದು ನೋಡಿ. ಸಿಆರ್2032 ಸೆಲ್‌ಗೆ ನೇರವಾಗಿ ಬೆಸುಗೆ ಹಾಕುವುದು ಮಾತ್ರ ಯಾವತ್ತೂ ಬೇಡ, ಕಾದರೆ ಸಿಡಿಯಬಹುದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಸೆಲ್‌ಗಳನ್ನು ಮೇಜಿನ ಮೇಲೆ ಬಿಟ್ಟು ಏಳಬೇಡಿ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲವು.

ಕೊರೆಯಲು ಧೈರ್ಯ ಬರುತ್ತಿಲ್ಲ. ಬೇರೆ ದಾರಿ?

ಡಿಎಸ್12885 ಎಂಬ ಬ್ಯಾಟರಿ ಇಲ್ಲದ ಬರಿಯ ಚಿಪ್, ಕ್ರಿಸ್ಟಲ್, ಸೆಲ್ ಹೋಲ್ಡರ್ ಮೂರನ್ನೂ ಪುಟ್ಟ ಬೋರ್ಡ್ ಮೇಲೆ ಕೂರಿಸಿ, ಹಳೆಯದರ ಜಾಗಕ್ಕೆ ಸಿಕ್ಕಿಸುವ ವಿನ್ಯಾಸಗಳಿವೆ. ಗ್ಲಿಚ್ ವರ್ಕ್ಸ್‌ನ ಜಿಡಬ್ಲ್ಯೂ-12887-1, ನೆಕ್ರೋವೇರ್‌ನ ಎನ್‌ಡಬ್ಲ್ಯೂಎಕ್ಸ್287 ಹೆಸರುವಾಸಿ. ಮುಂದಿನ ಸಲ ಸೆಲ್ ಬದಲಾಯಿಸಲು ಉಗುರು ಸಾಕು.

ಸೆಲ್‌ಗೆ ಡಯೋಡ್ ಹಾಕಬೇಕೇ?

ಡಾಲಸ್ ಚಿಪ್‌ಗೆ ಬೇಡ. ಸೆಲ್‌ನೊಳಕ್ಕೆ ಕರೆಂಟು ಹಿಂದೆ ಹರಿಯದಂತೆ ತಡೆಯುವ ಏರ್ಪಾಡು ಅದರಲ್ಲೇ ಇದೆ. ರೀಚಾರ್ಜ್ ಆಗುವ ಬ್ಯಾಟರಿ ಇದ್ದ ಜಾಗಕ್ಕೆ ಲಿಥಿಯಂ ಸೆಲ್ ಹಾಕುವುದಾದರೆ ಡಯೋಡ್ ಬೇಕೇ ಬೇಕು, ಏಕೆಂದರೆ ಆ ಬೋರ್ಡ್ ಸೆಲ್ಲನ್ನು ಚಾರ್ಜ್ ಮಾಡಲು ಹೊರಡುತ್ತದೆ.

ಚಿಪ್ ಸಾಕೆಟ್‌ನಲ್ಲಿಲ್ಲ, ನೇರ ಬೆಸುಗೆ ಹಾಕಿದ್ದಾರೆ. ಕೀಳುವುದು ಹೇಗೆ?

ಪ್ರತಿ ಪಿನ್‌ಗೂ ಮೊದಲು ಸ್ವಲ್ಪ ಹೊಸ ಬೆಸುಗೆ ಕೊಟ್ಟು, ಆಮೇಲೆ ಪಂಪ್‌ನಿಂದ ಹೀರಿ. ಹಳೆಯ ಬೆಸುಗೆ ಹೊಸದರ ಜೊತೆ ಸೇರಿದರೆ ಸಲೀಸಾಗಿ ಕರಗುತ್ತದೆ. 12ನೇ ಪಿನ್ ಬೋರ್ಡ್‌ನ ಒಳಪದರದ ತಾಮ್ರಕ್ಕೆ ಅಂಟಿಕೊಂಡಿರುವುದರಿಂದ ಎಷ್ಟು ಕಾಯಿಸಿದರೂ ಜಗ್ಗುವುದಿಲ್ಲ. ದಪ್ಪ ಮೊನೆ ಹಾಕಿ ಕಾಯಿಸಿ, ಎಳೆದಾಡಬೇಡಿ. ಎಳೆದರೆ ರಂಧ್ರದ ಒಳಗಿನ ತಾಮ್ರದ ಕೊಳವೆಯೂ ಕಿತ್ತುಬರುತ್ತದೆ. ಕಿತ್ತ ಜಾಗಕ್ಕೆ 24 ಪಿನ್‌ನ ಅಗಲ ಸಾಕೆಟ್ ಹಾಕಿ. ಪಳಗಿದ ಕೈ ಅಲ್ಲದಿದ್ದರೆ ಕೀಳದೆ, ಬೋರ್ಡ್ ಮೇಲಿರುವಾಗಲೇ ಪಕ್ಕೆ ಕೊರೆಯುವುದು ಲೇಸು. ಲೋಹದ ಪುಡಿ ಬೀಳದಂತೆ ಸುತ್ತ ಟೇಪ್ ಅಂಟಿಸಿಕೊಳ್ಳಿ.

ಹೊಸ ಸೆಲ್ ಎಷ್ಟು ಕಾಲ ಬರುತ್ತದೆ?

ಈ ಚಿಪ್‌ಗಳು ನಿದ್ದೆಯಲ್ಲಿ ಕುಡಿಯುವುದು ಸುಮಾರು ಅರ್ಧ ಮೈಕ್ರೊಆಂಪಿಯರ್. ಸಿಆರ್2032ರ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್ ಗಂಟೆ. ಕಾಗದದ ಮೇಲೆ 50 ವರ್ಷ! ಆದರೆ ಸೆಲ್ ತನ್ನಷ್ಟಕ್ಕೆ ಸೊರಗುವುದರಿಂದ ಹತ್ತು ವರ್ಷ ಎಂದಿಟ್ಟುಕೊಳ್ಳಿ.

ನನ್ನ ಬೋರ್ಡ್‌ನಲ್ಲಿ ನೀಲಿ ಪೀಪಾಯಿಯಂಥ ಬ್ಯಾಟರಿ ಇದೆ, ಸುತ್ತ ಹಸಿರು ಕಿಲುಬು.

ಈಗಲೇ ಕತ್ತರಿಸಿ ತೆಗೆಯಿರಿ. ಈ ಪುಟ ಆಮೇಲೆ ಓದಿದರಾಯಿತು. 3.6 ವೋಲ್ಟ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಅದು, ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಆಸಿಡ್ ಎಂದು ಜನ ಕರೆಯುತ್ತಾರೆ, ಅದು ಕ್ಷಾರ. ಹಾಗಾಗಿ ಅಡಿಗೆ ಸೋಡಾ ಬಳಿದು ಪ್ರಯೋಜನವಿಲ್ಲ, ವಿನೆಗರ್ ಅಥವಾ ನಿಂಬೆರಸ ಬೇಕು. ಹತ್ತಿಯಲ್ಲಿ ಒರೆಸಿ, ಆಮೇಲೆ ಶುದ್ಧೀಕರಿಸಿದ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು ಚೆನ್ನಾಗಿ ಒಣಗಿಸಿ. ಕರಾವಳಿಯ ತೇವದಲ್ಲಿದ್ದ ಬೋರ್ಡ್ ಆದರೆ ಎರಡು ದಿನ ಹೆಚ್ಚೇ ಒಣಗಲಿ. ಕ್ಷಾರ ತಿಂದ ಟ್ರ್ಯಾಕ್‌ಗಳನ್ನು ಒಂದೊಂದಾಗಿ ಮಲ್ಟಿಮೀಟರ್‌ನಲ್ಲಿ ನೋಡಬೇಕಾದೀತು. ಅಮಿಗಾ 2000, ಅಮಿಗಾ 500 ಪ್ಲಸ್ ಯಂತ್ರಗಳನ್ನು ಇದೇ ಬ್ಯಾಟರಿ ಬಲಿ ತೆಗೆದುಕೊಂಡಿದೆ. ಇದರ ಮುಂದೆ ಡಾಲಸ್ ಇಟ್ಟಿಗೆ ಸಂಭಾವಿತ. ಸತ್ತರೂ ಅಕ್ಕಪಕ್ಕದವರಿಗೆ ಕೇಡು ಮಾಡುವುದಿಲ್ಲ.

ಸನ್ ಕಂಪನಿಯ ವರ್ಕ್‌ಸ್ಟೇಷನ್, ಐಡಿಪ್ರಾಮ್ (ಯಂತ್ರದ ಗುರುತು ಬರೆದಿಟ್ಟ ಜಾಗ) ಸರಿಯಿಲ್ಲ ಎನ್ನುತ್ತಿದೆ. ಇದೂ ಅದೇ ರೋಗವೇ?

ಅದೇ, ಸ್ವಲ್ಪ ಜೋರಾಗಿ. ಸ್ಪಾರ್ಕ್‌ಸ್ಟೇಷನ್‌ಗಳಲ್ಲಿ ಎಂ48ಟಿ02, ಎಂ48ಟಿ08, ಮುಂದೆ ಅಲ್ಟ್ರಾ ಸಾಲಿನಲ್ಲಿ ಎಂ48ಟಿ59 ಎಂಬ ಚಿಪ್‌ಗಳಿದ್ದವು. ಇವು ಗಡಿಯಾರದ ಜೊತೆಗೆ ಯಂತ್ರದ ಗುರುತನ್ನೂ ಹೊತ್ತಿರುತ್ತವೆ: ಹೋಸ್ಟ್ ಐಡಿ ಮತ್ತು ಈಥರ್ನೆಟ್ ವಿಳಾಸ. ಸೆಲ್ ಸತ್ತರೆ ಯಂತ್ರ ತನ್ನ ಹೆಸರನ್ನೇ ಮರೆಯುತ್ತದೆ. ನೆಟ್‌ವರ್ಕ್ ಮೂಲಕ ಬೂಟ್ ಆಗುವುದಿಲ್ಲ, ಹೋಸ್ಟ್ ಐಡಿಗೆ ಕಟ್ಟುಬಿದ್ದ ತಂತ್ರಾಂಶದ ಪರವಾನಗಿಯೂ ಸಲ್ಲುವುದಿಲ್ಲ.

ಹಾಗಾಗಿ ಕೊರೆಯುವ ಮುಂಚೆ ಚಿಪ್‌ನ ಬೆನ್ನಿನ ಚೀಟಿಯನ್ನು ಕಿತ್ತು ಎಸೆಯಬೇಡಿ. ಸನ್ ಯಂತ್ರಗಳ ವಿಳಾಸ 08:00:20 ಎಂದು ಶುರುವಾಗುತ್ತದೆ, ಉಳಿದ ಮೂರು ಬೈಟ್ ಸಾಮಾನ್ಯವಾಗಿ ಹೋಸ್ಟ್ ಐಡಿಯ ಕೊನೆಯ ಮೂರು ಬೈಟ್‌ಗಳೇ. ಹೊಸ ಸೆಲ್ ಹಾಕಿದ ಮೇಲೆ ಓಪನ್‌ಬೂಟ್‌ನ (ಸನ್ ಯಂತ್ರಗಳ ಬಯಾಸ್ ಎನ್ನಬಹುದು) ಓಕೆ ಸೂಚನೆಯಲ್ಲಿ ಎಂಕೆಪಿ ಎಂಬ ಆಜ್ಞೆಯಿಂದ ಒಂದೊಂದೇ ಬೈಟ್ ಬರೆದು, ಕೊನೆಯಲ್ಲಿ ಅವೆಲ್ಲವನ್ನೂ ಎಕ್ಸ್-ಆರ್ ಮಾಡಿದ (ಬಿಟ್‌ಗೆ ಬಿಟ್ ಹೋಲಿಸಿ ಕೂಡಿಸಿದ) ತಾಳೆ ಬೈಟ್ ಹಾಕಬೇಕು. ಒಂದು ಅಂಕಿ ತಪ್ಪಿದರೂ ಮತ್ತೆ ಅದೇ ಬೈಗುಳ.

ಗಡಿಯಾರ ಸರಿಹೋಯಿತು, ಆದರೆ 1999ರಿಂದ ಮುಂದೆ ಹೋಗಲು ಒಪ್ಪುತ್ತಿಲ್ಲ.

ಅದು ಬಯಾಸ್‌ನ ದೋಷ. ಚಿಪ್‌ನ ಇಸವಿಗೆ ಎರಡೇ ಅಂಕಿ, ಶತಮಾನವನ್ನು ಬಯಾಸ್ ಬೇರೆ ಬೈಟ್‌ನಲ್ಲಿ ಇಟ್ಟುಕೊಳ್ಳಬೇಕು. ಡಾಸ್‌ಗೆ 1980ಕ್ಕಿಂತ ಹಿಂದಿನ ಕಾಲವೇ ಗೊತ್ತಿಲ್ಲ. ವಾರದ ದಿನ ಸರಿಬಂದರೆ ಸಾಕು ಎನ್ನುವವರು 28 ವರ್ಷ ಹಿಂದಿನ ಇಸವಿ ಹಾಕಬಹುದು, ಆ ಪಂಚಾಂಗ ಇವತ್ತಿನದಕ್ಕೆ ಹೊಂದುತ್ತದೆ.

ಸೆಲ್ ಹೊಸದು, 20ರಲ್ಲಿ 3 ವೋಲ್ಟ್ ಬರುತ್ತಿದೆ, ಆದರೂ ಸಮಯ ನಿಂತಲ್ಲೇ ನಿಂತಿದೆ.

ಮೊದಲು ಸೆಟಪ್‌ಗೆ ಹೋಗಿ ತಾರೀಖು ತುಂಬಿ ಉಳಿಸಿ ನೋಡಿ. ಕಾರ್ಖಾನೆಯಿಂದ ಹೊರಡುವಾಗ, ದಾರಿಯಲ್ಲಿ ಸೆಲ್ ಸವೆಯದಿರಲಿ ಎಂದು, ಕ್ರಿಸ್ಟಲ್ಲನ್ನು ಮಿಡಿಸುವ ಒಳಗಿನ ಆಂದೋಲಕವನ್ನು ಆರಿಸಿಟ್ಟಿರುತ್ತಾರೆ. ಎ ಎಂಬ ರಿಜಿಸ್ಟರ್‌ನ ಮೂರು ಬಿಟ್‌ಗಳಲ್ಲಿ 010 ಬರೆದರೆ ಮಾತ್ರ ಅದು ಓಡುತ್ತದೆ. ನೆನಪು ಪೂರ್ತಿ ಅಳಿಸಿದ ಚಿಪ್‌ನಲ್ಲೂ ಅಲ್ಲಿ ಏನೇನೋ ಇರಬಹುದು. ಹೆಚ್ಚಿನ ಬಯಾಸ್‌ಗಳು ಸಮಯ ಉಳಿಸುವಾಗ ಇದನ್ನೂ ಸರಿಮಾಡುತ್ತವೆ.

ಅದಕ್ಕೂ ಬಗ್ಗದಿದ್ದರೆ, ನೀವು ಉಜ್ಜಿದ್ದು ಬಲಸಾಲನ್ನೋ ಎಡಸಾಲನ್ನೋ ನೋಡಿ. ಎಡಸಾಲಿನ ಮೇಲ್ತುದಿಯ 2, 3ರ ಹತ್ತಿರ ಅರ ತಾಗಿದ್ದರೆ ಕ್ರಿಸ್ಟಲ್‌ನ ಕಾಲು ತುಂಡಾಗಿರುತ್ತದೆ. ಆಗ ಅಲ್ಲೇ ಹೊರಗಿನಿಂದ ಹೊಸ ಕ್ರಿಸ್ಟಲ್ ಬೆಸೆಯಬಹುದು, ಸಿಕ್ಕಿದ್ದನ್ನು ಹಾಕಬೇಡಿ. ಡಾಲಸ್ ಚಿಪ್‌ಗೆ 6 ಪಿಕೊಫ್ಯಾರಡ್ ಲೋಡ್ ಕೆಪ್ಯಾಸಿಟೆನ್ಸ್‌ನದು ಬೇಕು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 12.5ರದ್ದನ್ನು ಹಾಕಿದರೆ ಗಡಿಯಾರ ನಡೆಯುತ್ತದೆ, ಆದರೆ ಮುಂದೆ ಮುಂದೆ ಓಡುತ್ತದೆ. ಸರಿಯಾದ ಕ್ರಿಸ್ಟಲ್ಲಿದ್ದರೂ ತಿಂಗಳಿಗೆ ಒಂದು ನಿಮಿಷ ಆಚೀಚೆ ಆಗುವುದನ್ನು ಕಂಪನಿಯೇ ಒಪ್ಪಿಕೊಂಡಿದೆ, ಅಷ್ಟಕ್ಕೆ ಮತ್ತೆ ಬೆಸುಗೆ ಕಾಯಿಸಬೇಡಿ.